ಫೋನ್ ಇದೆಯಲ್ಲಾ!

ನಿನ್ನೆ ಮೂರು ಗಂಟೆ ಕಾಲ ನಾನು ಮನುಷ್ಯ ಜಾತಿಗೆ ಸೇರಿರಲಿಲ್ಲ. ಮೊಬೈಲ್ ಹೋಲ್ಡರ್ ಆಗಿದ್ದೆ.

ಭಾವನ ಕಾರು. ಮುಂದಿನ ಸೀಟಿನಲ್ಲಿ ನಾನು. ಇಬ್ಬರಿಗೂ ಗೊತ್ತಿಲ್ಲದ ದಾರಿ. ಹೊರಡುವ ಮೊದಲೇ ಕೇಳಿದ್ದೆ, "ಭಾವ, ದಾರಿ ನೋಡೋಕೆ ಏನಿಟ್ಟಿದ್ದೀರಿ?" ಅಂತ. ಅವರು ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿ, "ಫೋನ್ ಇದೆಯಲ್ಲಾ!" ಅಂದರು.

ಹೌದು, ಫೋನ್ ಇತ್ತು. ಅದನ್ನು ಇಡೋಕೆ ಜಾಗ ಇರಲಿಲ್ಲ. ಚಾರ್ಜಿಂಗ್ ವೈರ್ ಇತ್ತು, ಆದರೆ ಅದನ್ನು ಒಂದು ಕಡೆಗೆ ಬಗ್ಗಿಸಿ ಒತ್ತಿ ಹಿಡಿದರೆ ಮಾತ್ರ ಕರೆಂಟು. ಹಾಗಾಗಿ ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ವೈರ್ ಹಿಡಿದು ವಿಗ್ರಹದ ಹಾಗೆ ಕೂತೆ. ಮೂಗು ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ.

ಬಿಸಿಲು ನೇರ ಮುಂದಿನ ಗಾಜಿಗೇ ಹೊಡೆಯುತ್ತಿತ್ತು. ಫೋನ್ ನಿಧಾನಕ್ಕೆ ಇಸ್ತ್ರಿಪೆಟ್ಟಿಗೆ ಆಯಿತು. ಮೊದಲು ಪರದೆಯ ಬೆಳಕು ಕಮ್ಮಿಯಾಯಿತು. ಆಮೇಲೆ ಚಾರ್ಜ್ ಏರುವುದು ನಿಂತಿತು. ಕೊನೆಗೆ, ಮುಂದೆ ರಸ್ತೆ ಎರಡಾಗಿ ಒಡೆಯುವ ಜಾಗ ಕಾಣಿಸುತ್ತಿದೆ ಅನ್ನುವಾಗ, ಪರದೆ ಪೂರ್ತಿ ಕಪ್ಪು. ಫೋನ್ ತುಂಬ ಬಿಸಿಯಾಗಿದೆ, ತಣ್ಣಗಾಗಲಿ ಅನ್ನುವ ಒಂದೇ ಒಂದು ಸಾಲು. ಭಾವ ಕೇಳಿದರು, "ಎಡಕ್ಕಾ, ಬಲಕ್ಕಾ?"

ಈ ಪ್ರಶ್ನೆಯನ್ನು ನನ್ನನ್ನೇ ಕೇಳಬೇಕಾ? ನನ್ನ ಕಥೆ ನಿಮಗೆಲ್ಲ ಗೊತ್ತು. ಎಡ ಬಲ ಹೇಳೋಕೆ ಇವತ್ತಿಗೂ ನಾನು ಬರೆಯುವ ಕೈ ಯಾವುದು ಅಂತ ಒಂದು ಸಲ ನೆನಪಿಸಿಕೊಳ್ಳಬೇಕು. ನಿನ್ನೆ ಬರೆಯುವ ಕೈಯಲ್ಲಿ ವೈರ್ ಇತ್ತು. ಗಾಬರಿಯಲ್ಲಿ "ನೇರ" ಅಂದುಬಿಟ್ಟೆ. ನೇರಕ್ಕೆ ಇದ್ದದ್ದು ಡಿವೈಡರ್.

(ಏನೂ ಆಗಲಿಲ್ಲ. ಭಾವ ಒಳ್ಳೆ ಡ್ರೈವರ್. ಒಳ್ಳೆ ಮನುಷ್ಯ ಕೂಡ, ಈ ಫೋನ್ ವಿಷಯ ಒಂದು ಬಿಟ್ಟರೆ.)

ಮನೆಗೆ ಬಂದು ಕೈ ನೀವಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ಕಾರಿಗೆ ದಾರಿ ತೋರಿಸೋಕೆ ಏನು ತಗೊಳ್ಳಲಿ ಅಂತ ಯಾರಾದರೂ ಕೇಳಲಿ, ಸುತ್ತ ಇದ್ದವರೆಲ್ಲ ಒಂದೇ ರಾಗದಲ್ಲಿ "ಫೋನ್ ಇದೆಯಲ್ಲಾ" ಅನ್ನುತ್ತಾರೆ. ಬೆಂಕಿ ಇದೆಯಲ್ಲಾ, ಒಲೆ ಯಾಕೆ ಅಂದ ಹಾಗೆ. ಬೆಂಕಿ ಇದೆ ಮಾರಾಯ್ರೇ. ಪಾತ್ರೆ ಎಲ್ಲಿಡಲಿ? ಕೈಯಲ್ಲಿ ಹಿಡಿದುಕೊಂಡಿರಲಾ?

ಫೋನಿನ ಒಳಗಿರುವ ಜಿಪಿಎಸ್ ಚಿಪ್ ಬಗ್ಗೆ ನನ್ನ ತಕರಾರಿಲ್ಲ. ಬಯಲಲ್ಲಿ ನಿಂತರೆ ಸುಮಾರು ಐದು ಮೀಟರ್ ಒಳಗೆ ನೀವು ಎಲ್ಲಿದ್ದೀರಿ ಅಂತ ಅದು ಹೇಳುತ್ತದೆ. 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಿಗ್ನಲ್ ಹಿಡಿದು ಇಷ್ಟು ಲೆಕ್ಕ ಹಾಕುವುದು ಸಣ್ಣ ಮಾತಲ್ಲ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಸಿಗ್ನಲ್ಲನ್ನು ಬೇಕೆಂದೇ ಕೆಡಿಸುತ್ತಿತ್ತು. ಆಗ ನೂರು ಮೀಟರ್ ತನಕ ಆಚೀಚೆ ಆಗುವುದು ಮಾಮೂಲಿ. ನೂರು ಮೀಟರ್ ಅಂದರೆ ಪಕ್ಕದ ರಸ್ತೆ. ಆ ಆಟ ನಿಲ್ಲಿಸಿದ ಮೇಲೆ ತಾನೇ ಕಾರಿನಲ್ಲಿ ಕೂತು "ಮುಂದಿನ ತಿರುವಿನಲ್ಲಿ ಎಡಕ್ಕೆ" ಅನ್ನಿಸಿಕೊಳ್ಳುವ ಭಾಗ್ಯ ನಮಗೆ ಸಿಕ್ಕಿದ್ದು.

ಇನ್ನೊಂದು ವಿಷಯ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಫೋನ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಸುಮ್ನೆ ಕಿವಿ ಕೊಟ್ಟು ಕೇಳುತ್ತದೆ ಅಷ್ಟೇ. ಇಂಟರ್ನೆಟ್ ಬೇಕಾಗುವುದು ನಕ್ಷೆಗೆ, ಟ್ರಾಫಿಕ್ ತಿಳಿಯೋಕೆ, ಮತ್ತೆ ಮೊದಲ ಸಲ ಬೇಗ ಜಾಗ ಹಿಡಿಯೋಕೆ. ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವ ಸಮಾಚಾರವನ್ನು ಸೆಕೆಂಡಿಗೆ ಬರೀ 50 ಬಿಟ್‌ಗಳ ವೇಗದಲ್ಲಿ ಕಳಿಸುತ್ತದೆ. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬಂದು ಮುಗಿಯೋಕೆ ಹನ್ನೆರಡೂವರೆ ನಿಮಿಷ. ನೆಟ್‌ವರ್ಕ್ ಇದ್ದರೆ ಫೋನ್ ಅದೇ ಸಮಾಚಾರವನ್ನು ಬೇರೆ ದಾರಿಯಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ನೀವು ಕಾಯಬೇಕು. ಆದ್ದರಿಂದ ಮನೆ ಮುಂದೆ ನಿಂತಿದ್ದಾಗಲೇ ಆನ್ ಮಾಡಿ, ಜಾಗ ಹಿಡಿಯಿತು ಅಂತ ನೋಡಿ ಹೊರಡಿ. ಭಾವ ಹೆದ್ದಾರಿ ಸೇರಿದ ಮೇಲೆ "ಹಾಂ, ಈಗ ಮ್ಯಾಪ್ ಹಾಕು" ಅಂದರು. ಇರಲಿ.

ಸರಿ, ನನ್ನ ಸಿಟ್ಟು ಇಷ್ಟು ಜಾಸ್ತಿ ಯಾಕೆ ಅಂತ ಹೇಳಿಬಿಡುತ್ತೇನೆ. "ಫೋನ್ ಇದೆಯಲ್ಲಾ" ಅಂತ ಐದಾರು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದು ನಾನೇ. ಒಬ್ಬ ಗೆಳತಿ ಕೇಳಿದ್ದಳು, ದೂರ ಹೋಗೋದಿದೆ, ಪುಟ್ಟ ಮಗು ಜೊತೆ, ಒಂದು ಜಿಪಿಎಸ್ ಡಿವೈಸ್ ತಗೊಳ್ಳಲಾ ಅಂತ. ನಾನು ನಕ್ಕೆ. ಯಾವ ಕಾಲದಲ್ಲಿದ್ದೀಯ ಅಂದೆ. ಅವಳು ನನ್ನ ಮಾತು ಕೇಳಿದಳು. ರಾತ್ರಿ ಒಂದು ಕಡೆ ರಸ್ತೆ ಕೆಲಸ ಅಂತ ದಾರಿ ತಿರುಗಿಸಿದ್ದರು. ಇವಳು ತಿರುಗಿದ ಕಡೆ ನೆಟ್‌ವರ್ಕ್ ಇಲ್ಲ. ಪರದೆಯ ಮೇಲೆ ಅವಳ ನೀಲಿ ಚುಕ್ಕೆ ಸರಿಯಾಗೇ ಇತ್ತು, ಸುತ್ತ ನಕ್ಷೆಯೇ ಇಲ್ಲ. ಬೂದು ಬಣ್ಣದ ಖಾಲಿ ಹಾಳೆಯ ಮೇಲೆ ಒಂದು ಚುಕ್ಕೆ. ಎರಡು ಗಂಟೆ ಅಲೆದಿದ್ದಾಳೆ. ಹಿಂದೆ ಮಗು ಅಳುತ್ತಿತ್ತಂತೆ. ಆಮೇಲೆ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೋ ಅಂತ ಒಂದು ಮಾತು ಹೇಳೋಕೆ ನನಗೆ ಎಷ್ಟು ಹೊತ್ತು ಬೇಕಿತ್ತು? ಅದು ನನಗೆ ಆಗ ಗೊತ್ತಿತ್ತು ಕೂಡ. ಹೇಳಲಿಲ್ಲ. ನಗುವುದರಲ್ಲಿ ಬಿಜಿಯಾಗಿದ್ದೆ.

ಹಾಗಾಗಿ ಈಗ ಹೇಳುತ್ತೇನೆ, ಕೇಳಿಸಿಕೊಳ್ಳಿ. ದಾರಿ ತೋರಿಸುವ ವಸ್ತು ದಾರಿ ಮಾತ್ರ ತೋರಿಸಬೇಕು. ಅದಕ್ಕೆ ಬೇರೆ ಕೆಲಸ ಕೊಡಬೇಡಿ. ನೀವು ಮಾತಾಡುವ ಫೋನ್, ಫೋಟೋ ತೆಗೆಯುವ ಫೋನ್, ಹಿಂದೆ ಕೂತ ಮಕ್ಕಳು ಕಿತ್ತುಕೊಳ್ಳುವ ಫೋನ್, ಅದೇ ಫೋನ್ ದಾರಿಯನ್ನೂ ಹೇಳಬೇಕು ಅಂದರೆ ಹೇಗೆ? ತಿರುವು ಬಂತು ಅನ್ನುವಾಗಲೇ ಯಾರಿಗೋ ನಿಮ್ಮ ನೆನಪಾಗುತ್ತದೆ. ಪರದೆ ತುಂಬ ಅವರ ಹೆಸರು. ಕಟ್ ಮಾಡುವಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತದೆ.

ನನ್ನ ಕಾರಿನಲ್ಲಿ ಏನಿದೆ ಅಂತ ಕೇಳಿದರೆ ನೀವು ನಗುತ್ತೀರಿ. ಹಳೇ ಫೋನ್. ಮೂಲೆಯಲ್ಲಿ ಒಡೆದಿದೆ, ಸಿಮ್ ಇಲ್ಲ. ಮನೆಯ ವೈಫೈನಲ್ಲಿ ನಕ್ಷೆ ಇಳಿಸಿಕೊಳ್ಳುತ್ತೇನೆ. ಗೂಗಲ್ ಮ್ಯಾಪ್‌ನಲ್ಲಿ ಬೇಕಾದ ಜಾಗದ ನಕ್ಷೆ ಇಳಿಸಬಹುದು, ಆದರೆ ಕಾಲಕಾಲಕ್ಕೆ ಅಪ್‌ಡೇಟ್ ಮಾಡದಿದ್ದರೆ ಅದರ ಅವಧಿ ಮುಗಿದುಹೋಗುತ್ತದೆ. ಆದ್ದರಿಂದ ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ಆ್ಯಪ್ ಕೂಡ ಇದೆ. ಅದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಬಳಸುತ್ತದೆ. 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುವ ನಕ್ಷೆ ಅದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಕಡೆ ತಿರುಗಿಯೂ ನೋಡುವುದಿಲ್ಲ. ಅಂಗಡಿ ಹೋಟೆಲುಗಳ ಹೆಸರು ಅದರಲ್ಲಿ ಕಮ್ಮಿ. ನನಗೆ ರಸ್ತೆ ಸಾಕು.

ದೊಡ್ಡ ಪರದೆ ಬೇಕು ಅಂತ ಟ್ಯಾಬ್ ತಗೊಳ್ಳುವವರು ಒಂದು ನಿಮಿಷ ನಿಲ್ಲಿ. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದೇ ಇಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇರುತ್ತದೆ. ಸಿಮ್ ಹಾಕದಿದ್ದರೂ ಪರವಾಗಿಲ್ಲ, ಮಾದರಿ ಅದಾಗಿರಬೇಕು.

ಈಗ ಹೋಲ್ಡರ್. ಯಾರೂ ಗಮನ ಕೊಡದ, ಎಲ್ಲ ಗೋಳಿಗೂ ಮೂಲವಾದ ವಸ್ತು. ಆ್ಯಪ್ ಯಾವುದು ಒಳ್ಳೆಯದು ಅಂತ ಒಂದು ವಾರ ಜಗಳ ಆಡುವ ಜನ ಹೋಲ್ಡರನ್ನು ಕಣ್ಣು ಮುಚ್ಚಿ ತರುತ್ತಾರೆ. ಗಾಜಿಗೆ ರಬ್ಬರ್ ಬಟ್ಟಲು ಒತ್ತಿ ಅಂಟಿಸುವಂಥದ್ದು ಗಾಜಿನ ಮೇಲೆ ಚೆನ್ನಾಗಿ ಕೂರುತ್ತದೆ. ಆದರೆ ಬಿಸಿಲಿಗೆ ರಬ್ಬರ್ ಮೆತ್ತಗಾಗಿ, ಒಂದು ದಿನ ನೀವು ಬ್ರೇಕ್ ಒತ್ತಿದಾಗ ಫೋನ್ ಸಮೇತ ಕಾಲ ಬುಡಕ್ಕೆ ಬೀಳುತ್ತದೆ. ಬ್ರೇಕ್ ಪೆಡಲ್ ಹತ್ತಿರ ಉರುಳಾಡುವ ಫೋನ್ ನೋಡಿದ್ದೀರಾ? ನಾನು ನೋಡಿದ್ದೇನೆ. ಅದೇ ಬಟ್ಟಲನ್ನು ತರಿತರಿಯಾದ ಡ್ಯಾಶ್‌ಬೋರ್ಡ್ ಮೇಲೆ ಒತ್ತಿದರೆ ನಿಲ್ಲುವುದೇ ಇಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಜೊತೆಗೆ ಗಾಜಿನ ನಡುವೆ ಅಂಟಿಸಿದರೆ ರಸ್ತೆ ಕಾಣುವುದಿಲ್ಲ, ಏರ್‌ಬ್ಯಾಗ್ ತೆರೆಯುವ ಜಾಗದಲ್ಲಿ ಅಂಟಿಸಿದರೆ ಅದು ನೇರ ಮುಖಕ್ಕೇ ಬಂದೀತು.

ನನಗೆ ಒಗ್ಗಿದ್ದು ಎಸಿ ವೆಂಟಿಗೆ ಸಿಕ್ಕಿಸುವ ಹೋಲ್ಡರ್. ತಣ್ಣನೆ ಗಾಳಿ ಫೋನಿನ ಬೆನ್ನಿಗೇ ಬೀಳುತ್ತದೆ. ಬಿಸಿಲಿನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಚಳಿಗೆ ಹೀಟರ್ ಹಾಕಿದರೆ ಮಾತ್ರ ಅದೇ ವೆಂಟು ಫೋನನ್ನು ಬೇಯಿಸುತ್ತದೆ, ಆಗ ಆ ವೆಂಟನ್ನು ಮುಚ್ಚಬೇಕು. ಆಯಸ್ಕಾಂತದ ಹೋಲ್ಡರ್ ಸೊಗಸಾಗಿದೆ, ಟಕ್ ಅಂತ ಕೂರುತ್ತದೆ. ಅದು ಜಿಪಿಎಸ್ ಸಿಗ್ನಲ್ ಕೆಡಿಸುವುದಿಲ್ಲ. ಫೋನಿನ ದಿಕ್ಸೂಚಿಯನ್ನು ಕೆಡಿಸುತ್ತದೆ. ಕಾರು ಓಡುತ್ತಿದ್ದರೆ ತೊಂದರೆ ಇಲ್ಲ, ಚಲಿಸುವ ದಿಕ್ಕಿನಿಂದಲೇ ಆ್ಯಪ್ ಅರ್ಥ ಮಾಡಿಕೊಳ್ಳುತ್ತದೆ. ನಿಂತಿದ್ದಾಗ ಬಾಣ ಎತ್ತಲೋ ಮುಖ ಮಾಡಿರುತ್ತದೆ. ನನ್ನಂಥವರಿಗೆ ಅಷ್ಟೇ ಸಾಕು, ಉಲ್ಟಾ ಹೊರಟುಬಿಡೋಕೆ.

ಚಾರ್ಜರ್ ಬಗ್ಗೆಯೂ ಇದೇ ಗೋಳು. ಕಾರಿನಲ್ಲೇ ಯುಎಸ್‌ಬಿ ಇದೆಯಲ್ಲಾ ಅನ್ನುತ್ತಾರೆ. (ಮತ್ತೆ "ಇದೆಯಲ್ಲಾ"!) ಹಳೇ ಕಾರುಗಳ ಆ ಕಿಂಡಿ ಎಷ್ಟೋ ಸಲ ಪೆನ್ ಡ್ರೈವ್ ಹಾಕಿ ಹಾಡು ಕೇಳೋಕೆ ಕೊಟ್ಟಿದ್ದು. ಅರ್ಧ ಆಂಪಿಯರ್ ಕೊಟ್ಟರೆ ಹೆಚ್ಚು. ಪರದೆ ಪೂರ್ತಿ ಬೆಳಕಿನಲ್ಲಿ, ಜಿಪಿಎಸ್ ಆನ್ ಆಗಿ ಓಡುವ ಫೋನ್ ಅದಕ್ಕಿಂತ ಜಾಸ್ತಿ ನುಂಗಬಹುದು. ವೈರ್ ಹಾಕಿಯೇ ಇದೆ, ಬ್ಯಾಟರಿ ಇಳಿಯುತ್ತಲೇ ಇದೆ. ಲೈಟರ್ ಸಾಕೆಟ್ಟಿಗೆ ಹಾಕುವ ಒಂದು ಒಳ್ಳೆ ಚಾರ್ಜರ್, ಗಟ್ಟಿ ವೈರ್, ಅಷ್ಟು ತಗೊಳ್ಳಿ. ವೈರ್ ಇಲ್ಲದೆ ಚಾರ್ಜ್ ಮಾಡುವ ಹೋಲ್ಡರ್ ಬಿಸಿಲಿನ ದಾರಿಗೆ ಬೇಡ, ಅದು ಫೋನನ್ನು ಇನ್ನಷ್ಟು ಬಿಸಿ ಮಾಡುತ್ತದೆ.

ಹಾಗಾದರೆ ದಾರಿ ತೋರಿಸೋಕೆಂದೇ ಮಾಡಿದ ಬೇರೆ ಡಿವೈಸ್? ಗೂಗಲ್ 2009ರಲ್ಲಿ ತಿರುವು ತಿರುವಿಗೂ ದಾರಿ ಹೇಳುವುದನ್ನು ಫೋನಿನಲ್ಲಿ ಬಿಟ್ಟಿಯಾಗಿ ಕೊಟ್ಟ ಮೇಲೆ ಅವುಗಳ ಕಥೆ ಮುಗಿಯಿತು ಅಂದರು. ಮುಗಿದಿಲ್ಲ. ಗಾರ್ಮಿನ್ ಅನ್ನುವ ಕಂಪನಿ ಈಗಲೂ ಮಾಡುತ್ತಿದೆ. ಲಾರಿ ಓಡಿಸುವವರಿಗಂತೂ ಗಾಡಿಯ ಎತ್ತರ, ತೂಕ ನೋಡಿ ದಾರಿ ಕೊಡುವ ಬೇರೆ ಮಾದರಿಗಳೇ ಇವೆ. ನಕ್ಷೆ ಒಳಗೇ ಇರುತ್ತದೆ, ಹೋಲ್ಡರ್ ಚಾರ್ಜರ್ ಅದರ ಜೊತೆಗೇ ಬರುತ್ತವೆ. ಭಾವನಂಥವರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಅವರು ಬೇರೆ ಬೇರೆ ತಂದು ಜೋಡಿಸುವ ಜನ ಅಲ್ಲ. ಆದರೆ ಹುಷಾರು. "ಲೈಫ್‌ಟೈಮ್ ಅಪ್‌ಡೇಟ್" ಅಂತ ಬರೆದಿದ್ದರೆ ಅದು ನಿಮ್ಮ ಆಯುಷ್ಯ ಅಲ್ಲ, ಕಂಪನಿ ಆ ಮಾದರಿಯನ್ನು ಸಾಕುವಷ್ಟು ದಿನ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಇನ್ನೂ ಹುಷಾರು. ಜಿಪಿಎಸ್ ವಾರಗಳನ್ನು 1024ರ ತನಕ ಮಾತ್ರ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. ಕೊನೆಯ ಸಲ ಹಾಗೆ ಸೊನ್ನೆಯಾದದ್ದು 2019ರ ಏಪ್ರಿಲ್‌ನಲ್ಲಿ. ಅಪ್‌ಡೇಟ್ ಕಾಣದ ಕೆಲವು ಹಳೇ ಡಿವೈಸ್‌ಗಳು ಆಗ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಕೂತವು. ಆನ್ ಮಾಡಿ ತಾರೀಕು ನೋಡಿಯೇ ತಗೊಳ್ಳಿ.

ಈಗ ಕಾಮೆಂಟಿನಲ್ಲಿ ಒಬ್ಬರು ಬರುತ್ತಾರೆ, ನನಗೆ ಗೊತ್ತು. "ಟ್ರಾಫಿಕ್ ಗೊತ್ತಾಗಬೇಕಲ್ವಾ? ಇಂಟರ್ನೆಟ್ ಇಲ್ಲದ ನಿಮ್ಮ ಒಡಕು ಫೋನಿಗೆ ಅದು ಗೊತ್ತಾಗುತ್ತಾ?" ಗೊತ್ತಾಗುವುದಿಲ್ಲ. ಒಪ್ಪಿದೆ. ದಿನಾ ನಗರದೊಳಗೇ ಓಡಾಡುವವರಿಗೆ ಅದು ದೊಡ್ಡ ವಿಷಯವೇ. ಅಂಥವರು ಜೇಬಿನ ಫೋನಿನಿಂದ ಹಾಟ್‌ಸ್ಪಾಟ್ ಕೊಡಿ, ಆಯಿತಲ್ಲ. ಅದೂ ಅಲ್ಲದೆ, ಟ್ರಾಫಿಕ್ ಇದೆ ಅಂತ ಆ್ಯಪ್ ಕೆಂಪು ಗೆರೆ ತೋರಿಸಿದಾಗ ನಾವು ಮಾಡುವುದೇನು? "ಅಯ್ಯೋ, ಟ್ರಾಫಿಕ್ ಇದೆ" ಅಂತ ಹೇಳಿಕೊಂಡು ಅದರೊಳಗೇ ನುಗ್ಗುವುದು. ಫೋನಿನ ಮ್ಯಾಪನ್ನು ಕಾರಿನ ಪರದೆಯಲ್ಲೇ ತೋರಿಸುವ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಇರುವ ಕಾರಿನವರು ನನ್ನನ್ನು ನೋಡಿ ಮುಗುಳ್ನಗುತ್ತಿರಬಹುದು. ನಗಿ. ನಿಮ್ಮ ಕಾರಿನ ಪರದೆಯ ಹಿಂದೆ ದುಡಿಯುತ್ತಿರುವುದೂ ಅದೇ ಫೋನು. ನೆರಳಿನಲ್ಲಿಡಿ ಅದನ್ನು.

ಒಂದು ತಪ್ಪನ್ನು ಮಾತ್ರ ಯಾವುದೂ ಪೂರ್ತಿ ಸರಿ ಮಾಡುವುದಿಲ್ಲ, ಫೋನ್ ಇರಲಿ, ಡಿವೈಸ್ ಇರಲಿ. ಮೇಲ್ಸೇತುವೆ ಮತ್ತು ಅದರ ಕೆಳಗಿನ ರಸ್ತೆ. ಎರಡೂ ಒಂದರ ಮೇಲೊಂದು ಇರುವಾಗ ನೀವು ಮೇಲಿದ್ದೀರೋ ಕೆಳಗಿದ್ದೀರೋ ಅದಕ್ಕೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಸೇತುವೆಯ ನಟ್ಟನಡುವೆ "ಎಡಕ್ಕೆ ತಿರುಗಿ" ಅನ್ನುತ್ತದೆ. ಎಡಕ್ಕೆ ತಿರುಗಿದರೆ ಸೀದಾ ಮೇಲಕ್ಕೇ. ನನಗೂ ಅದಕ್ಕೂ ಈ ಒಂದು ವಿಷಯದಲ್ಲಿ ಒಳ್ಳೆ ಹೊಂದಾಣಿಕೆ.

ಇಷ್ಟು ಬರೆಯುವಷ್ಟರಲ್ಲಿ ಭಾವನ ಮೆಸೇಜು ಬಂತು. ನಿನ್ನೆ ಆದದ್ದರಿಂದ ಬುದ್ಧಿ ಬಂತಂತೆ. ಹೋಲ್ಡರ್ ತಗೊಂಡಿರಬೇಕು ಅಂತ ಖುಷಿಯಿಂದ ತೆರೆದು ನೋಡಿದೆ. ಹೊಸ ಫೋನ್ ತಗೊಂಡಿದ್ದಾರೆ. ಹಳೇದಕ್ಕಿಂತ ದೊಡ್ಡದು, ತೂಕವೂ ಸ್ವಲ್ಪ ಜಾಸ್ತಿ. ಮುಂದಿನ ವಾರ ಮತ್ತೆ ಹೋಗೋಣ, ಮುಂದೆ ಕೂತು ಹಿಡಿದುಕೋ ಅಂತ ಬರೆದಿದ್ದಾರೆ.

ಬರುತ್ತೇನೆ ಅಂದೆ. ಹಿಂದಿನ ಸೀಟಾದರೆ.