ಮಾಲು ಅವರದ್ದು, ಮಾನ ಹೋಗಿದ್ದು ನಮ್ಮದು

ಮೆಣಸಿನಕಾಯಿ ಕೊಟ್ಟು ನಮ್ಮಲ್ಲಿ ಅರೆಸಿ, ಪ್ಯಾಕ್ ಮಾಡಿಸ್ಕೊಳ್ಳೋ ಪಾರ್ಟಿಯ ಮನುಷ್ಯ ಖಾರದ ಪುಡಿ ಪ್ಯಾಕೆಟ್ ಹರಿದು ನನ್ನ ಟೇಬಲ್ ಮೇಲೆ ಸುರಿದೇಬಿಟ್ಟ. ಅದೂ ಬಂದ ಮಾಲು ಬರೆದಿಡೋ ಇನ್ವರ್ಡ್ ರಿಜಿಸ್ಟರ್ ಮೇಲೆ. "ಇದನ್ನ ನಿಮ್ಮನೇಲಿ ಹಾಕ್ಕೊಂಡು ತಿಂತೀರಾ?" ಅಂದ. ಸೀಲಿಂಗ್ ಮಷಿನ್ ಹತ್ತಿರ ಇದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಲ್ಯಾಬ್ ರಿಪೋರ್ಟ್ ಓದೋಕೂ ಬಿಡಲಿಲ್ಲ. ಓದುತ್ತಿದ್ದ ಹಾಗೇ ಕಿತ್ಕೊಂಡ. ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನಿಂದ ಬರೋ ವಿಷ, ಜಾಸ್ತಿ ಅಂತೆ, ಕೆಜಿಗೆ 30 ಮೈಕ್ರೋಗ್ರಾಂ ಮಿತಿ ದಾಟಿದೆಯಂತೆ.

ಅಲ್ರೀ, ಮೆಣಸಿನಕಾಯಿ ಕಳಿಸಿದ್ದು ಯಾರು? ನಾನಾ? ಬ್ಯಾಡಗಿಯಿಂದ ಚೀಲ ತಂದು ಇಳಿಸಿದ್ದು ಅವರದೇ ಗಾಡಿ. ಕೆಲವು ಚೀಲದ ಬಾಯಿ ಬಿಚ್ಚಿದ ತಕ್ಷಣ ಮುಗ್ಗಲು ವಾಸನೆ. ಕಾಯಿ ಸೀಳಿದರೆ ಬೀಜದ ಸುತ್ತ ಕಪ್ಪು ಬೂಷ್ಟು. ತೇವ 11 ಪರ್ಸೆಂಟ್ ದಾಟಬಾರದು, ಮೀಟರ್ 14 ತೋರಿಸಿತು. ಅವನ್ನು ಅದೇ ಗಾಡಿಗೆ ಹಾಕಿ ವಾಪಸ್ ಕಳಿಸಿದೆ. ರಿಜಿಸ್ಟರಲ್ಲಿ ಡ್ರೈವರ್ ಸಹಿ ಇದೆ, ಈಗ ಅದರ ಮೇಲೂ ಖಾರ. ಉಳಿದ ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುತ್ತಿತ್ತು, ತೇವವೂ ಸರಿಯಿತ್ತು. ಒಮ್ಮೆ ನೆಂದು, ಆಮೇಲೆ ಒಣಗಿಸಿದ್ದು ಅಂತ ಯಾವ ಮೀಟರ್ ಹೇಳುತ್ತೆ? ಬೂಷ್ಟು ಒಣಗಿದರೂ ವಿಷ ಕಾಯಲ್ಲೇ ಉಳಿಯುತ್ತೆ. ಅರೆದ ಮೇಲೆ ಇಡೀ ಲಾಟಿಗೆ ಬೆರೆಯುತ್ತೆ. ಬೇರೆ ಮಾಡೋಕೆ ಆಗಲ್ಲ.

ಲಾಟಿನ ಜೊತೆ ಲ್ಯಾಬ್ ರಿಪೋರ್ಟ್ ಕಳಿಸಿ ಅಂತ ಕೇಳಿ ಕೇಳಿ ಸಾಕಾಯ್ತು. "ನಿಮಗ್ಯಾಕೆ, ಅರೆದು ಪ್ಯಾಕ್ ಮಾಡಿ ಕೊಡಿ ಅಷ್ಟೇ" ಅನ್ನುತ್ತಿದ್ದವರು ಇವರೇ. ಈಗ "ನಿಮ್ಮ ಗೋಡೌನಲ್ಲೇ ಕೆಟ್ಟಿದೆ" ಅಂತಾರೆ. ಅರೆಯೋ ಮುಂಚೆ ತೆಗೆದಿಟ್ಟ ಕಾಯಿ ಸ್ಯಾಂಪಲ್, ಸೀಲ್ ಹಾಕಿದ್ದು, ನನ್ನ ಹತ್ತಿರ ಇದೆ. ಅದನ್ನೇ ಲ್ಯಾಬಿಗೆ ಕಳಿಸೋಣ ಅಂದರೆ ಬೇಡವಂತೆ! ಯಾಕೆ ಬೇಡ? ಹೇಳಲಿ ನೋಡೋಣ.

ಹೋಗಲಿ ಬಿಡಿ, ಜಗಳ ಆಡಿ ಏನು ಸಿಗುತ್ತೆ. ಪ್ಯಾಕೆಟ್ ಮೇಲೆ ನಮ್ಮ ಲೈಸೆನ್ಸ್ ನಂಬರೂ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆ ಪ್ಯಾಕ್ ಮಾಡಿದವರನ್ನೂ ಹೊಣೆ ಮಾಡುತ್ತೆ. ಮಾಡಲಿ, ಜನ ತಿನ್ನೋ ವಸ್ತು ಅದು. ಆದರೆ ಮಾಲು ಕೊಟ್ಟವನು ಕೈ ತೊಳ್ಕೊಂಡು ಹೋಗೋದಾ? ಇಲ್ಲ, ಬಿಡಲ್ಲ ನಾನು.

ಆದರೂ ಮಷಿನ್ ಸಾಲದ ಕಂತು ಇದೆ, ಅರ್ಧಕ್ಕಿಂತ ಜಾಸ್ತಿ ಕೆಲಸ ಇದೇ ಪಾರ್ಟಿಯದು. ಮುಂದಿನ ಲೋಡ್ ಆಗಲೇ ಹೊರಟಿದೆಯಂತೆ, ರಿಪೋರ್ಟ್ ಇಲ್ಲದೆ. ನಮ್ಮ ಹಾಗೆ ಬೇರೆಯವರ ಮಾಲಿಗೆ ಜಾಬ್ ವರ್ಕ್ ಮಾಡೋರು ಯಾರಾದ್ರೂ ಇದ್ದರೆ ಹೇಳಿ, ರಿಪೋರ್ಟ್ ಇಲ್ಲದಿದ್ದರೆ ಗಾಡಿ ಇಳಿಸ್ಕೊಳ್ಳಲ್ಲ ಅಂತ ನೀವು ನಿಂತಿದ್ದೀರಾ? ಪಾರ್ಟಿ ಉಳೀತಾ? ಪರೀಕ್ಷೆ ಖರ್ಚು ಯಾರು ಕೊಟ್ಟರು?