ನಾಲ್ಕು ಭಾಷೆಯ ಕೋಲಾರದಲ್ಲಿ ಅನುವಾದ ಯಾಕೆ ಓದಿಸಬಾರದು?

ಕೋಲಾರದ ಹುಡುಗರಷ್ಟು ಸಲೀಸಾಗಿ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವವರನ್ನು ನಾನು ಜರ್ಮನಿಯಲ್ಲಿ ಕಂಡಿಲ್ಲ. ಆದರೆ ಆ ದಾಟುವುದನ್ನೇ ಒಂದು ವಿದ್ಯೆ ಅಂತ ಎಣಿಸಿ, ಅದಕ್ಕೆ ಡಿಗ್ರಿ ಕೊಟ್ಟು, ಮಾಡಿದವರಿಗೆ ಸರಿಯಾದ ಸಂಬಳ ಕೊಡುವುದನ್ನು ಕಂಡಿದ್ದು ಮಾತ್ರ ಅಲ್ಲೇ. ಊರಿಗೆ ಬಂದಾಗಲೆಲ್ಲ ಈ ವಿಷಯ ಮನಸ್ಸನ್ನು ಕೊರೆಯುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಮುಳಬಾಗಿಲು ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಪಕ್ಕದ ಬೀದಿಗೆ ಹೋದರೆ ಉರ್ದು, ಕೆಜಿಎಫ್ ಕಡೆ ಹೋದರೆ ತಮಿಳು. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ನಮ್ಮ ಕಡೆ ಎಲ್ಲರೂ ಹಾಗೇ. ಟೊಮೇಟೊ ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿಗೆ ಹೋಗಿ ಒಂದು ಮಂಡಿಯ ಮುಂದೆ ಸುಮ್ನೆ ನಿಂತು ನೋಡಿ. ಶ್ರೀನಿವಾಸಪುರ ಕಡೆಯ ರೈತ ತನ್ನ ಬಾಕ್ಸ್‌ಗಳ ಬಗ್ಗೆ ತೆಲುಗಿನಲ್ಲಿ ಹೇಳುತ್ತಾನೆ. ಮಂಡಿಯವನು ಹರಾಜು ಕೂಗುವುದು ಕನ್ನಡದಲ್ಲಿ. ತಮಿಳುನಾಡಿನಿಂದ ಬಂದ ವ್ಯಾಪಾರಿಗೆ ತಮಿಳಿನಲ್ಲಿ ರೇಟು ಬಿಡಿಸಿ ಹೇಳುತ್ತಾನೆ. ಲಾರಿ ಡ್ರೈವರ್ ಹತ್ತಿರ ಉರ್ದು. ನಡುವೆ ಒಂದು ಕ್ಷಣ ಯೋಚನೆಗೂ ನಿಲ್ಲುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವಾಗ ಏನು ಬಿಡಬೇಕು, ಯಾವುದನ್ನು ಮೆತ್ತಗೆ ಹೇಳಬೇಕು, ಯಾವುದನ್ನು ಇದ್ದ ಹಾಗೇ ಹೇಳಬೇಕು ಅನ್ನೋದು ಆತನಿಗೆ ಚೆನ್ನಾಗಿ ಗೊತ್ತು. ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ.

ನಾನು ಓದಿದ್ದು ಗೆರ್ಮರ್ಸ್‌ಹೈಮ್ ಅನ್ನುವ ಊರಿನಲ್ಲಿ. ರೈನ್ ನದಿಯ ದಡದಲ್ಲಿದೆ, ಮುಳಬಾಗಿಲಿಗಿಂತ ಚಿಕ್ಕ ಊರು. ಹಿಂದೆ ಸೈನಿಕರಿದ್ದ ಬ್ಯಾರಕ್ಕಿನಲ್ಲಿ ಈಗ ಮೈನ್ಜ್ ವಿಶ್ವವಿದ್ಯಾಲಯದ ಅನುವಾದ ವಿಭಾಗ ನಡೆಯುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಭಾಗ ಫ್ರೆಂಚರ ಕೈಯಲ್ಲಿತ್ತು. ದುಭಾಷಿಗಳನ್ನು ತಯಾರು ಮಾಡಬೇಕು ಅಂತ 1947ರಲ್ಲಿ ಅವರು ಅಲ್ಲಿ ಶಾಲೆ ಶುರು ಮಾಡಿದರು. ಯುದ್ಧದಲ್ಲಿ ಎದುರುಬದುರಾಗಿದ್ದ ಎರಡು ದೇಶ, ಎರಡು ಭಾಷೆ. ನಡುವೆ ನಿಂತು ಮಾತಾಡಿಸುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ ಅಂತ ಯಾರೂ ಕಾಯಲಿಲ್ಲ.

ಅಲ್ಲಿ ಸೇರುವಾಗ ಮೊದಲು ಹೇಳಬೇಕಾದ್ದು ನಿಮ್ಮ ಬುನಾದಿ ಭಾಷೆ ಯಾವುದು ಅಂತ. ನೀವು ಯಾವ ಭಾಷೆಗೆ ತರುತ್ತೀರೋ ಆ ಭಾಷೆ. ಅದರ ಮೇಲೆ ಒಂದು ಅಥವಾ ಎರಡು ಪರಭಾಷೆ. ಆ ಬುನಾದಿ ಭಾಷೆಯನ್ನೇ ಅವರು ಮತ್ತೆ ಕಲಿಸುತ್ತಾರೆ. ಜರ್ಮನ್ ಹುಡುಗರಿಗೇ ಜರ್ಮನ್ ಬರೆಯಲು ಕಲಿಸುವುದು ನೋಡಿ ಮೊದಮೊದಲು ನನಗೆ ಆಶ್ಚರ್ಯ. ಔಷಧಿ ಪೊಟ್ಟಣದೊಳಗಿನ ಚೀಟಿಯನ್ನು ಅಜ್ಜಿಯೊಬ್ಬರಿಗೆ ಅರ್ಥವಾಗುವ ಹಾಗೆ ಬರೆಯಿರಿ, ಬಾಡಿಗೆ ಕರಾರನ್ನು ವಕೀಲರು ಒಪ್ಪುವ ಹಾಗೆ ಬರೆಯಿರಿ. ಹೀಗಿರುತ್ತದೆ ಅಭ್ಯಾಸ. ಪರಭಾಷೆ ಎಷ್ಟೇ ಚೆನ್ನಾಗಿ ಬಂದರೂ, ತನ್ನ ಭಾಷೆಯಲ್ಲಿ ಕೈ ಓಡದವನು ಅನುವಾದಕನಾಗಲಾರ ಅನ್ನುವುದನ್ನು ಅವರು ಗಟ್ಟಿಯಾಗಿ ನಂಬಿದ್ದಾರೆ. ನನಗೂ ಈಗ ಅದೇ ನಂಬಿಕೆ.

ಅವರ ಪಟ್ಟಿಯಲ್ಲಿ ಟರ್ಕಿಶ್, ಅರಬ್ಬಿ, ಚೀನೀ, ಪೋಲಿಶ್ ಎಲ್ಲ ಇವೆ. ಭಾರತದ ಒಂದು ಭಾಷೆಯೂ ಇರಲಿಲ್ಲ. ನಾನು ಇಂಗ್ಲಿಷನ್ನೇ ಬುನಾದಿ ಅಂತ ಬರೆದು ಸೇರಿದೆ. ಬೇಜಾರಾಯಿತು ನಿಜ. ಆದರೆ ಜರ್ಮನರ ಮೇಲಲ್ಲ. ಕನ್ನಡವನ್ನು ಬುನಾದಿ ಮಾಡಿಕೊಂಡು ಅನುವಾದ ಕಲಿಸುವ ಕೆಲಸ ಮೊದಲು ನಮ್ಮದು ಅಲ್ವಾ?

ಶುಕ್ರವಾರದ ಸಭೆಯ ಬಗ್ಗೆ ಹೇಳಲೇಬೇಕು. ದುಭಾಷಿ ಕೋರ್ಸಿನವರಿಗೆ ಅದು ವಾರದ ದೊಡ್ಡ ಪರೀಕ್ಷೆ. ಹೊರಗಿನಿಂದ ಯಾರೋ ಬಂದು ಯಾವುದೋ ವಿಷಯದ ಮೇಲೆ ಮಾತಾಡುತ್ತಾರೆ. ಸಭಾಂಗಣದ ಸುತ್ತ ಗಾಜಿನ ಗೂಡುಗಳು. ಒಂದೊಂದು ಗೂಡಿನಲ್ಲಿ ಒಂದೊಂದು ಭಾಷೆಯ ವಿದ್ಯಾರ್ಥಿಗಳು ಹೆಡ್‌ಫೋನ್ ಹಾಕಿಕೊಂಡು ಕೂತು, ಮಾತು ಬರುತ್ತಿದ್ದ ಹಾಗೇ ತಮ್ಮ ಭಾಷೆಯಲ್ಲಿ ಹೇಳುತ್ತಾ ಹೋಗುತ್ತಾರೆ. ಒಬ್ಬರಿಗೆ ಸುಸ್ತಾದರೆ ಪಕ್ಕದವರು ಮೈಕ್ ತೆಗೆದುಕೊಳ್ಳುತ್ತಾರೆ. ಪಕ್ಕದವರು ಸುಮ್ಮನೆ ಕೂತಿರುವುದೂ ಇಲ್ಲ. ಭಾಷಣದಲ್ಲಿ ಬಂದ ಅಂಕಿ, ಹೆಸರುಗಳನ್ನು ಕಾಗದದ ಮೇಲೆ ದಪ್ಪಗೆ ಬರೆದು ಮುಂದೆ ಸರಿಸುತ್ತಿರುತ್ತಾರೆ. ಮಾತು ನೆನಪಿರುತ್ತದೆ, ಅಂಕಿ ನೆನಪಿರುವುದಿಲ್ಲ. ಸಭೆ ಮುಗಿದ ಮೇಲೆ ಕೇಳಿಸಿಕೊಂಡ ಮೇಷ್ಟ್ರು ಎಲ್ಲಿ ತಪ್ಪಿತು, ಎಲ್ಲಿ ಧ್ವನಿ ನಡುಗಿತು, ಎಲ್ಲಿ ವಾಕ್ಯ ಮುಗಿಸದೆ ಬಿಟ್ಟರು ಅಂತ ಒಂದೊಂದಾಗಿ ಹೇಳುತ್ತಾರೆ. ಯಾವ ಪುಸ್ತಕ ಓದಿದರೂ ಈ ಅಭ್ಯಾಸ ಸಿಗುವುದಿಲ್ಲ.

ಇನ್ನು ನಮ್ಮಲ್ಲಿ. ಡಿಗ್ರಿಯಲ್ಲಿ ಭಾಷೆ ಅಂದರೆ ಮೊದಲ ಎರಡು ವರ್ಷ ಪಾಸ್ ಮಾಡಿಕೊಳ್ಳಬೇಕಾದ ಪೇಪರು. ಬಿಕಾಂ, ಬಿಎಸ್‌ಸಿ ಹುಡುಗರು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವಿ ಹಾಕುತ್ತಾರೆ. ಎಂಎ ಕನ್ನಡದಲ್ಲಿ, ಎಂಎ ಇಂಗ್ಲಿಷಿನಲ್ಲಿ ಅನುವಾದದ ಪೇಪರ್ ಇರುವುದುಂಟು. ಅಲ್ಲೂ ಜಾಸ್ತಿ ಓದುವುದು ಅನುವಾದದ ಸಿದ್ಧಾಂತ. ಕೈಯಾರೆ ಮಾಡುವುದು ಕೊನೆಯ ಪ್ರಶ್ನೆಯಲ್ಲಿ, ಹತ್ತು ಸಾಲಿನ ಒಂದು ಇಂಗ್ಲಿಷ್ ಪ್ಯಾರಾ. ತೆಲುಗಿನಿಂದ ಕನ್ನಡಕ್ಕೆ ತರುವುದನ್ನಂತೂ ನಮ್ಮ ಕಡೆ ಯಾರೂ ಓದು ಅಂತಲೇ ಎಣಿಸುವುದಿಲ್ಲ. ಗೊತ್ತಿರೋದೇ ತಾನೇ, ಅದನ್ನೇನು ಕಲಿಯೋದು ಅನ್ನುತ್ತಾರೆ.

ಗೊತ್ತಿದ್ದರೆ ಸಾಲದು ಅನ್ನುವುದಕ್ಕೆ ನಮ್ಮ ದೊಡ್ಡಪ್ಪನ ಜೊತೆ ಆಸ್ಪತ್ರೆಗೆ ಹೋಗಿದ್ದನ್ನು ಹೇಳುತ್ತೇನೆ. ಜಿಲ್ಲೆಯಲ್ಲೇ ಇರುವ ಒಂದು ಆಸ್ಪತ್ರೆ. ಡಾಕ್ಟರು ಉತ್ತರದ ಕಡೆಯವರು, ಒಳ್ಳೆಯವರು, ಕನ್ನಡ ಆಗಷ್ಟೇ ಕಲಿಯುತ್ತಿದ್ದರು. ತೆಲುಗು ಒಂಚೂರೂ ಬಾರದು. ದೊಡ್ಡಪ್ಪ ತೆಲುಗಿನಲ್ಲಿ ವಿವರವಾಗಿ ಹೇಳಿದರು. ಮೂಟೆ ಹೊತ್ತು ದಿಬ್ಬ ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ, ಎಡಗೈ ಜೋಮು ಹಿಡಿಯುತ್ತದೆ, ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತರೆ ಹೋಗುತ್ತದೆ, ಮನೆಯಲ್ಲಿದ್ದಾಗ ಬರುವುದೇ ಇಲ್ಲ. ಪಕ್ಕದಲ್ಲಿದ್ದ ಆಯಮ್ಮ ಡಾಕ್ಟರಿಗೆ ಹೇಳಿದ್ದು ಇಷ್ಟೇ: "ಎದೆ ನೋವಂತೆ ಸಾರ್." ನಾನು ಮಧ್ಯೆ ಬಾಯಿ ಹಾಕಿ ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಡಾಕ್ಟರ ಮುಖವೇ ಬದಲಾಯಿತು. ಮೊದಲು ಇಸಿಜಿ ಮಾಡಿಸಿ ಅಂದರು. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅನ್ನುವುದರಲ್ಲೇ ಕಾಯಿಲೆಯ ಗುರುತು ಇತ್ತು. ಆಯಮ್ಮನನ್ನು ನಾನು ದೂರುವುದಿಲ್ಲ. ಅವರ ಕೆಲಸ ಅದಲ್ಲ, ಅದಕ್ಕೆ ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಹೇಗೆ ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಜರ್ಮನಿಯಲ್ಲಿ ಎಲ್ಲ ಸರಿ ಇದೆ ಅಂತಲೂ ಅಲ್ಲ. ಅಲ್ಲಿನ ಕ್ಲಿನಿಕ್ಕುಗಳಲ್ಲಿ ಟರ್ಕಿಶ್ ಅಮ್ಮಂದಿರಿಗೆ ಶಾಲೆ ತಪ್ಪಿಸಿ ಬಂದ ಮಕ್ಕಳು ಮಾತು ದಾಟಿಸುವುದನ್ನು ನಾನೇ ನೋಡಿದ್ದೇನೆ. ಡಾಕ್ಟರ ಹತ್ತಿರ ಹೋದಾಗ ದುಭಾಷಿಯ ಖರ್ಚನ್ನು ಅವರ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಕೋರ್ಟು, ಕಚೇರಿ ಅಂತ ಬಂದರೆ ಅವರು ಬಿಗಿ. ಜನನ ಪತ್ರ, ಮದುವೆ ಪತ್ರ, ಅಂಕಪಟ್ಟಿ ಯಾವುದೇ ಇರಲಿ, ಪ್ರಮಾಣ ಮಾಡಿದ ಅನುವಾದಕರ ಸಹಿ, ಮೊಹರು ಬೇಕು. ತಪ್ಪಾದರೆ ಹೊಣೆ ಅವರದೇ. ಕೋರ್ಟಿನಲ್ಲಿ ದುಭಾಷಿಗೆ ಗಂಟೆಗೆ 85 ಯೂರೋ ಅಂತ 2021ರಲ್ಲಿ ಕಾನೂನಿನಲ್ಲೇ ಬರೆದರು. ಬರವಣಿಗೆಯಾದರೆ 55 ಅಕ್ಷರಕ್ಕೆ ಒಂದು ಸಾಲು ಅಂತ ಎಣಿಸಿ ದುಡ್ಡು. ಅನುವಾದ ಸಂಸ್ಥೆಗಳು ಪಾಲಿಸುವ ಐಎಸ್ಒ 17100 ಅನ್ನುವ ಮಾನದಂಡದಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮೂಲದ ಜೊತೆ ಇಟ್ಟು ಓದಲೇಬೇಕು.

ನಮ್ಮ ಗಡಿ ತಾಲ್ಲೂಕುಗಳಿಗೆ ಇದು ದೂರದ ಮಾತಲ್ಲ. ಆಂಧ್ರದ ಪುಂಗನೂರು, ಪಲಮನೇರು ಕಡೆಗೆ ಹೆಣ್ಣು ಕೊಟ್ಟು ತಂದಿರುವ ಮನೆಗಳೇ ಜಾಸ್ತಿ. ಆಸ್ತಿ ಭಾಗವಾಗುವಾಗ ತೆಲುಗಿನ ಕ್ರಯಪತ್ರ ಇಲ್ಲಿಗೆ ಬರುತ್ತದೆ, ಕನ್ನಡದ ಪಹಣಿ ಅಲ್ಲಿಗೆ ಹೋಗುತ್ತದೆ. ಸರ್ವೆ ನಂಬರು, ಚೆಕ್ಕುಬಂದಿ, ಗುಂಟೆ, ಸೆಂಟು, ಇವುಗಳಲ್ಲಿ ಒಂದು ತಪ್ಪಿದರೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟು ಸುತ್ತಬೇಕು. ಈ ಪತ್ರಗಳನ್ನು ಈಗ ಮಾಡಿಕೊಡುವವರು ಕೋರ್ಟಿನ ಹೊರಗಿನ ಟೈಪಿಸ್ಟುಗಳು. ಎಷ್ಟೋ ಜನ ಚೆನ್ನಾಗಿಯೇ ಮಾಡುತ್ತಾರೆ. ಅವರ ಅನುಭವವನ್ನು ಪಾಠ ಮಾಡಿ ಮುಂದಿನವರಿಗೆ ದಾಟಿಸಲು ಒಂದು ಜಾಗವಿಲ್ಲ, ನನ್ನ ಸಂಕಟ ಅದು.

ಈಚೆಗೆ ನಮ್ಮೂರಿನ ಹುಡುಗಿಯರು ಜರ್ಮನ್ ಕಲಿಯುತ್ತಿದ್ದಾರೆ, ನರ್ಸಿಂಗ್ ಕೆಲಸಕ್ಕಾಗಿ. ಬಿ1, ಬಿ2 ಅನ್ನುವ ಮಟ್ಟದ ಭಾಷಾ ಪರೀಕ್ಷೆ ಪಾಸಾದರೆ ವೀಸಾ ದಾರಿ ಸಲೀಸು. ಒಳ್ಳೆಯದೇ, ಮನೆ ನಿಲ್ಲುತ್ತದೆ. ಆದರೆ ಒಂದು ಭಾಷೆಯನ್ನು ಪರೀಕ್ಷೆಯ ಮಟ್ಟಕ್ಕೆ ಮಾತ್ರ ಕಲಿತು ಬಿಡುವುದಕ್ಕೂ, ಆ ಭಾಷೆಯ ಪತ್ರಿಕೆ, ಕಥೆ, ಕಾನೂನು, ಬೈಗುಳ ಎಲ್ಲ ತಿಳಿದು ಅದನ್ನು ನಮ್ಮ ಭಾಷೆಗೆ ತರುವುದಕ್ಕೂ ತುಂಬಾ ಅಂತರವಿದೆ. ಕಿಟೆಲ್ ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ಆ ದೊಡ್ಡ ನಿಘಂಟು ಕೊಟ್ಟರು. ಜರ್ಮನ್ನಿಂದ ನೇರವಾಗಿ ಕನ್ನಡಕ್ಕೆ ತರುವವರು ಇವತ್ತಿಗೂ ತೀರಾ ಕಡಿಮೆ. ಬಹುಪಾಲು ಇಂಗ್ಲಿಷಿನ ಬಾಗಿಲಿನಿಂದಲೇ ಬರುತ್ತದೆ.

ನಮ್ಮ ನೆಲಕ್ಕೆ ಈ ವಿದ್ಯೆ ಹೊಸದೇನೂ ಅಲ್ಲ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು, ಶೇಕ್ಸ್‌ಪಿಯರ್ ನಾಟಕಗಳನ್ನು ಕನ್ನಡಕ್ಕೆ ತಂದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಉಮರ್ ಖಯ್ಯಾಮನನ್ನು ಕನ್ನಡದಲ್ಲಿ ಹಾಡಿಸಿದರು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿಎಂಶ್ರೀಯವರು ಇಂಗ್ಲಿಷ್ ಕವಿತೆಗಳನ್ನು ಕನ್ನಡ ಮಾಡಿದ್ದರಿಂದಲೇ ಹೊಸಗನ್ನಡ ಕಾವ್ಯದ ದಾರಿ ತೆರೆಯಿತು. ಇವರ ಜಯಂತಿಗಳನ್ನು ಮಾಡುತ್ತೇವೆ. ಇವರು ಮಾಡಿದ ಕೆಲಸವನ್ನು ಮಾಡುವುದು ಹೇಗೆ ಅಂತ ಮಕ್ಕಳಿಗೆ ಕಲಿಸುವುದಿಲ್ಲ.

ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ. ಅಲ್ಲಿ ಎರಡು ವರ್ಷದ ಒಂದು ಅನುವಾದ ಎಂಎ ಬರಲಿ ಅನ್ನುವುದು ನನ್ನ ಆಸೆ. ಕನ್ನಡ ಬುನಾದಿ. ಅದರ ಜೊತೆ ತೆಲುಗು, ತಮಿಳು, ಉರ್ದುವಿನಲ್ಲಿ ಒಂದು, ಇಂಗ್ಲಿಷ್ ಅಥವಾ ಜರ್ಮನ್, ಫ್ರೆಂಚ್‌ನಲ್ಲಿ ಇನ್ನೊಂದು. ಕೃಷಿ, ಕಾನೂನು, ಆರೋಗ್ಯ, ಇವುಗಳಲ್ಲಿ ಒಂದು ವಿಷಯವನ್ನು ಆಳವಾಗಿ ಓದಬೇಕು. ಪ್ರತಿ ವಾರ ಹೊರಗಿನವರನ್ನು ಕರೆಸಿ ಮಾತಾಡಿಸಿ, ಎದುರಿಗೇ ಅನುವಾದ ಮಾಡಿಸಬೇಕು. ಗಾಜಿನ ಗೂಡು ಇಲ್ಲದಿದ್ದರೂ ನಡೆಯುತ್ತದೆ.

ನಮ್ಮ ಮಕ್ಕಳ ಒಂದು ತೊಡಕನ್ನು ಮೊದಲೇ ಗಮನಿಸಬೇಕು. ಮುಳಬಾಗಿಲು, ಬಾಗೇಪಲ್ಲಿ, ಚಿಂತಾಮಣಿ ಕಡೆಯ ಎಷ್ಟೋ ಹುಡುಗರಿಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ವಾಟ್ಸಾಪಿನಲ್ಲಿ ತೆಲುಗನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ನಮ್ಮ ತೆಲುಗು ಪುಸ್ತಕದ ತೆಲುಗೂ ಅಲ್ಲ, ಅರ್ಧ ಕನ್ನಡ ಸೇರಿದ್ದು. ಇವರಿಗೆ ಅ ಆ ಇ ಈ ಇಂದ ಕಲಿಸುವ ಸಾಮಾನ್ಯ ಕೋರ್ಸು ಬೇಜಾರು ಹಿಡಿಸುತ್ತದೆ. ಏನೂ ಬಾರದವರ ಜೊತೆ ಕೂರಿಸಿದರೆ ಎರಡು ಕಡೆಯವರಿಗೂ ನಷ್ಟ. ಜರ್ಮನಿಯ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮನೆಯಲ್ಲೇ ರಷ್ಯನ್ ಮಾತಾಡಿ ಬೆಳೆದ ಮಕ್ಕಳಿಗೆ ಬೇರೆಯೇ ತರಗತಿ ಇರುತ್ತದೆ. ಲಿಪಿ, ಬರವಣಿಗೆ, ಗಂಭೀರ ಭಾಷೆ ಇಷ್ಟನ್ನು ಬೇಗ ಬೇಗ ಕಲಿಸಿ ಮುಂದಕ್ಕೆ ಕರೆದುಕೊಂಡು ಹೋಗುತ್ತಾರೆ. ನಮಗೆ ಬೇಕಾದ್ದು ಅದೇ.

ಯುರೋಪಿನ ವಿದ್ಯಾರ್ಥಿಗಳು ಎರಾಸ್ಮಸ್ ಯೋಜನೆಯಲ್ಲಿ ಇನ್ನೊಂದು ದೇಶಕ್ಕೆ ಹೋಗಿ ಒಂದು ಸೆಮಿಸ್ಟರ್ ಓದಿ ಬರುತ್ತಾರೆ. 1987ರಿಂದ ನಡೆಯುತ್ತಿದೆ. ನಮಗೆ ಅಷ್ಟು ದೂರ ಬೇಡ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಆಂಧ್ರದ ಕುಪ್ಪಂ. ಅಲ್ಲಿ 1997ರಲ್ಲಿ ಶುರುವಾದ ದ್ರಾವಿಡ ವಿಶ್ವವಿದ್ಯಾಲಯವಿದೆ, ತೆಲುಗು, ತಮಿಳು, ಕನ್ನಡ ಮೂರೂ ಕಲಿಸುತ್ತಾರೆ. ಒಂದು ಸೆಮಿಸ್ಟರ್ ನಮ್ಮವರು ಅಲ್ಲಿಗೆ, ಅವರ ಮಕ್ಕಳು ಇಲ್ಲಿಗೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೂ ಹತ್ತಿರವೇ ಇದೆ. ರಾಷ್ಟ್ರೀಯ ಅನುವಾದ ಮಿಷನ್ ನಡೆಯುವುದು ಅಲ್ಲಿಂದಲೇ.

ಕೆಲಸ ಎಲ್ಲಿದೆ ಅಂತ ಕೇಳುವ ತಂದೆತಾಯಿಗೆ ನಾನು ಉಡಾಫೆಯ ಉತ್ತರ ಕೊಡಲಾರೆ. ಮಷೀನು ಅನುವಾದ ಮಾಡುತ್ತದೆ, ನಾನೂ ದಿನಾ ಬಳಸುತ್ತೇನೆ. ಗೂಗಲ್‌ನಲ್ಲಿ 2011ರಿಂದಲೇ ಕನ್ನಡ ಇದೆ. ಸಾದಾ ಕಾಗದಪತ್ರದ ಕೆಲಸಕ್ಕೆ ದುಡ್ಡು ಕಡಿಮೆಯಾಗಿದೆ, ಇನ್ನೂ ಆಗುತ್ತದೆ. ಆದರೆ ದೊಡ್ಡಪ್ಪನ ಮುಳಬಾಗಿಲ ತೆಲುಗು ಆ ಮಷೀನಿಗೆ ಅರ್ಥವಾಗುವುದು ಕಷ್ಟ, ಅರ್ಥವಾದರೂ ಸಹಿ ಹಾಕಿ ಹೊಣೆ ಹೊರುವವರು ಮನುಷ್ಯರೇ ಆಗಬೇಕು. ಪುಸ್ತಕದ ಕಡೆ ನೋಡಿದರೆ, 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಬಹುಮಾನದಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರದು. ನಮ್ಮ ಎಷ್ಟೋ ಪುಸ್ತಕಗಳಲ್ಲಿ ಅನುವಾದಕರ ಹೆಸರು ಮುಖಪುಟಕ್ಕೇ ಬರುವುದಿಲ್ಲ.

ಕೆಲಸವನ್ನು ಹುಟ್ಟಿಸುವುದು ಸರ್ಕಾರದ ಕೈಯಲ್ಲೂ ಇದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆಗಳಲ್ಲಿ, ತಾಲ್ಲೂಕು ಕೋರ್ಟುಗಳಲ್ಲಿ ಒಂದೊಂದು ದುಭಾಷಿ ಹುದ್ದೆ ಮಾಡಲಿ. ಪಾಠ ಮಾಡುವವರಿಗೂ ಬರವಿಲ್ಲ. ಭಾಷಾ ಮೇಷ್ಟ್ರುಗಳ ಜೊತೆಗೆ ರಿಟೈರಾದ ಕೋರ್ಟ್ ಶಿರಸ್ತೇದಾರರು, ಉರ್ದು ಶಾಲೆಯ ಮೇಡಂಗಳು, ಕೆಜಿಎಫ್‌ನ ತಮಿಳು ಮೇಷ್ಟ್ರುಗಳು ಸಿಗುತ್ತಾರೆ. ಜರ್ಮನ್ನಿಂದ ಕನ್ನಡಕ್ಕೆ ತರುವ ಪಾಠ ಯಾರಾದರೂ ಶುರು ಮಾಡಿದರೆ, ವಾರಕ್ಕೆ ಒಂದು ಸಂಜೆ ಆನ್‌ಲೈನಿನಲ್ಲಿ ಕಲಿಸಲು ನಾನು ತಯಾರಿದ್ದೇನೆ. ದುಡ್ಡು ಬೇಡ.