‘ರಿಫಿಫಿ’ಯಲ್ಲಿ ಇಲ್ಲದ್ದು ಸದ್ದಲ್ಲ

1955ರ ಫ್ರೆಂಚ್ ಸಿನಿಮಾ ‘ರಿಫಿಫಿ’ ಬಗ್ಗೆ ಯಾರೇ ಬರೆದರೂ ‘ಅರ್ಧ ಗಂಟೆ ಸದ್ದಿಲ್ಲದ ದರೋಡೆ’ ಅಂತಲೇ ಶುರು ಮಾಡ್ತಾರೆ. ಅಲ್ಲಿ ಇಲ್ಲದ್ದು ಮಾತು ಮತ್ತು ಸಂಗೀತ. ಸದ್ದು ಬೇಕಾದಷ್ಟಿದೆ. ಪಿಯಾನೊದ ಒಂದೇ ಒಂದು ಮನೆ ತಪ್ಪಿ ಒತ್ತಿಹೋದರೆ ನೋಡುವವರ ಎದೆ ಧಸಕ್ಕೆನ್ನುತ್ತೆ.

ಯಾಕಂದ್ರೆ ನಿರ್ದೇಶಕ ಜೂಲ್ಸ್ ಡಾಸಿನ್ ನಮಗೆ ಮೊದಲೇ ಪಾಠ ಮಾಡಿಬಿಟ್ಟಿದ್ದಾನೆ. ಒಡವೆ ಅಂಗಡಿಯಲ್ಲಿರುವಂಥದ್ದೇ ಅಲಾರಂ ತಂದಿಟ್ಟುಕೊಂಡು ನಾಲ್ವರು ಕಳ್ಳರೂ ಪರೀಕ್ಷೆ ಮಾಡ್ತಾರೆ. ಸ್ವಲ್ಪ ಅದುರಿದರೂ ಅರಚಿಕೊಳ್ಳುತ್ತೆ. ಕೊನೆಗೆ, ಬೆಂಕಿ ಆರಿಸುವ ಸಿಲಿಂಡರಿನ ನೊರೆ ತುಂಬಿದರೆ ಅದರ ಬಾಯಿ ಕಟ್ಟುತ್ತೆ ಅಂತ ಗೊತ್ತಾಗುತ್ತೆ. ಆದರೆ ನೊರೆ ತುಂಬೋಕೆ ಮೊದಲು ಅಂಗಡಿಯೊಳಗೆ ಇಳಿಯಬೇಕಲ್ಲ?

ಅದಕ್ಕೇ ಮೇಲಿನ ಮನೆಯ ನೆಲ ಒಡೆಯೋದು. ಉಳಿಯ ಏಟು ಕೇಳದ ಹಾಗೆ ಬಟ್ಟೆ. ಮೊದಲು ಸಣ್ಣ ತೂತು, ಅದರೊಳಗೆ ಮಡಚಿದ ಛತ್ರಿ. ಕೆಳಗೆ ಇಳಿಸಿ ಬಿಚ್ಚಿದರೆ ಛತ್ರಿಯೇ ಬುಟ್ಟಿ. ಆಮೇಲೆ ತೂತು ಎಷ್ಟು ಅಗಲ ಮಾಡಿದರೂ ಗಾರೆಚೂರು ನೆಲ ಮುಟ್ಟೋದಿಲ್ಲ. ಇಡೀ ಸಿನಿಮಾದ ಜಾಣತನ ಆ ಛತ್ರಿಯಲ್ಲಿದೆ. ತಿಜೋರಿಯನ್ನು ಹಿಂದಿನಿಂದ ಕೊರೆಯೋ ಹೊತ್ತಿಗೆ ನಾವೇ ಆ ಗುಂಪಿನ ಐದನೆಯವರು.

ಸಂಗೀತಗಾರ ಜಾರ್ಜ್ ಓರಿಕ್ ಈ ದೃಶ್ಯಕ್ಕೆ ಸಂಗೀತ ಬರೆದಿದ್ದ. ಡಾಸಿನ್ ಎರಡೂ ಥರ ತೋರಿಸಿದ ಮೇಲೆ, ಬೇಡ ಅಂದವನು ಓರಿಕ್ಕೇ.

ಕಾನ್ ಚಿತ್ರೋತ್ಸವದಲ್ಲಿ ಡಾಸಿನ್‌ಗೆ ನಿರ್ದೇಶಕ ಪ್ರಶಸ್ತಿ ಬಂತು, ಸೋವಿಯತ್ತಿನ ಸೆರ್ಗೈ ವಾಸಿಲೀವ್ ಜೊತೆ ಹಂಚಿಕೆಯಲ್ಲಿ. ಓದಿದ್ದರಲ್ಲೇ ಅತಿ ಕೆಟ್ಟ ಕಾದಂಬರಿಯಿಂದ ನೋಡಿದ್ದರಲ್ಲೇ ಅತ್ಯುತ್ತಮ ಕ್ರೈಂ ಸಿನಿಮಾ ಮಾಡಿದ್ದಾನೆ ಅಂದ ಫ್ರೆಂಚ್ ವಿಮರ್ಶಕ ತ್ರುಫೋ. ಇಷ್ಟು ಹೊಗಳಿಕೆಯ ನಡುವೆ, ಕಳ್ಳರ ಮುಖ್ಯಸ್ಥ ಟೋನಿ ತನ್ನ ಹಳೆಯ ಗೆಳತಿಯನ್ನು ಬೆಲ್ಟಿನಿಂದ ಹೊಡೆಯುವ ದೃಶ್ಯವನ್ನು ಹೆಚ್ಚಿನವರು ಹಾರಿಸಿಬಿಡ್ತಾರೆ. ನನಗಂತೂ ಅದು ನುಂಗಲಾಗದ ತುತ್ತು. ಕ್ಲಬ್ಬಿನ ಹಾಡೂ ಉದ್ದವಾಯ್ತು.

ಜನ ಮರೆಯೋ ಇನ್ನೊಂದು ಸಂಗತಿ ಸೀಸರ್. ತಿಜೋರಿ ಒಡೆಯೋದರಲ್ಲಿ ಎತ್ತಿದ ಕೈ, ಆದರೆ ಕದ್ದ ಒಂದು ಉಂಗುರವನ್ನು ಕ್ಲಬ್ಬಿನ ಗಾಯಕಿಗೆ ಕೊಟ್ಟು ಎಲ್ಲರನ್ನೂ ಸಿಕ್ಕಿಹಾಕಿಸ್ತಾನೆ. ಎದುರಾಳಿಗಳು ಹೆದರಿಸಿದಾಗ ಜೊತೆಗಾರನ ಹೆಸರೂ ಹೇಳಿಬಿಡ್ತಾನೆ. ಟೋನಿ ಅವನನ್ನು ಇಷ್ಟಪಡುತ್ತಲೇ ಗುಂಡು ಹಾರಿಸ್ತಾನೆ. ಕಮ್ಯುನಿಸ್ಟ್ ಅಂತ ಬೇರೆಯವರು ಹೆಸರು ಹೇಳಿದ್ದಕ್ಕೆ ಹಾಲಿವುಡ್ಡಿನಲ್ಲಿ ಕೆಲಸ ಕಳೆದುಕೊಂಡು ಪ್ಯಾರಿಸ್ಸಿನಲ್ಲಿ ಈ ಸಿನಿಮಾ ಮಾಡಿದವನು ಡಾಸಿನ್. ಪರ್ಲೊ ವೀಟಾ ಅನ್ನೋ ಹೆಸರಿಟ್ಟುಕೊಂಡು ಸೀಸರ್ ಪಾತ್ರ ಮಾಡಿದವನೂ ಅವನೇ.